ಅಂತೋಣಪ್ಪನ ಅಂಗಿ

ನನ್ನ ತಂಗಿ ಕುಸುಮ ಪ್ರತಿ ಗುರುವಾರ ಮಧ್ಯಾಹ್ನ ನಮ್ಮ ಮನೆಗೆ ನಿದ್ದೆ ಮಾಡುವುದಕ್ಕೆ ಬರುತ್ತಿದ್ದಳು. ಬೇರೆಯವರ ತಂಗಿಯರು ಬಂದರೆ ಕೋಳಿ ಕೊಯ್ಯಿಸಿಕೊಂಡು ತಿನ್ನುತ್ತಾರೆ, ಸೀರೆ ಕೇಳುತ್ತಾರೆ, ಅತ್ತೆಯ ಮೇಲೆ ಚಾಡಿ ಹೇಳುತ್ತಾರೆ. ನನ್ನ ತಂಗಿಗೆ ಅತ್ತೆಯೂ ಇಲ್ಲ, ಸೀರೆಯ ಆಸೆಯೂ ಇಲ್ಲ. ಅವಳು ಕನ್ಯಾಸ್ತ್ರೀ. ಮಳವಳ್ಳಿಯ ಕಾನ್ವೆಂಟಿನಿಂದ ಹನ್ನೆರಡೂವರೆ ಬಸ್ಸು ಹಿಡಿದು, ನಮ್ಮೂರ ಗೇಟಿನಲ್ಲಿ ಇಳಿದು, ನಾಲೆ ಏರಿಯ ಮೇಲೆ ಬಿಳೀ ಬಟ್ಟೆಯಲ್ಲಿ ಒಬ್ಬಳೇ ನಡೆದು ಬಂದು, ಊಟ ಮಾಡಿ, ನನ್ನ ಪಕ್ಕ ಚಾಪೆಯ ಮೇಲೆ ಬಿದ್ದುಕೊಂಡರೆ ನಾಲ್ಕು ಗಂಟೆಯವರೆಗೂ ಏಳುತ್ತಿರಲಿಲ್ಲ.

ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ಹದಿನೇಳನೇ ವಯಸ್ಸಿಗೆ ಮನೆ ಬಿಟ್ಟವಳು. ಜಾರ್ಖಂಡಿನ ಕಾಡಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಆಯಸ್ಸು ಕಳೆದು, ಆರೇ ಆರು ಸಲ ಊರಿಗೆ ಬಂದವಳು. ಅಪ್ಪ ಸತ್ತಾಗ, ಮಲೇರಿಯ ಜಾಸ್ತಿಯಾಗಿದೆ, ಮದರ್ ಬಿಡಲಿಲ್ಲ ಎಂದು ಫೋನಿನಲ್ಲೇ ಅತ್ತವಳು. ಅಂಥವಳು ಹೋದ ವರ್ಷ ಮಳವಳ್ಳಿಗೆ ವರ್ಗವಾಗಿ ಒಂದು ಬಸ್ಸಿನ ದೂರಕ್ಕೆ ಬಂದಿದ್ದಾಳೆ, ಬಾಯಿ ತುಂಬ ಮಾತಾಡೋಣ ಎಂದರೆ ಗೊರಕೆ!

“ಏನಮ್ಮಿ, ನಿಮ್ ಕಾನ್ವೆಂಟ್ನಾಗೆ ಮಂಚ ಇಲ್ವಾ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಮಂಚ ಅದೆ ಕನಕ್ಕ. ನಿದ್ದೆ ಇಲ್ಲ,” ಎಂದಳು.

ಬಂದ ಹೊಸದರಲ್ಲಿ ಅವಳು ಚರ್ಚಿನ ಪ್ರಸಂಗದ ಕನ್ನಡ ಆಡುತ್ತಿದ್ದಳು. “ಅಕ್ಕ, ನಾನು ಸ್ವಲ್ಪ ವಿಶ್ರಮಿಸುತ್ತೇನೆ,” ಎಂದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಎರಡು ತಿಂಗಳಲ್ಲಿ ಅವಳ ನಾಲಗೆ ನಮ್ಮೂರ ದಾರಿ ಹಿಡಿಯಿತು.

ನಮ್ಮವ್ವ ಲೂರ್ದಮ್ಮ ನನ್ನ ಜೊತೆಗೇ ಇದ್ದಾಳೆ. ಎಪ್ಪತ್ತೆಂಟು ವರ್ಷ, ಎರಡೂ ಕಣ್ಣಿಗೆ ಪೊರೆ, ಆಪರೇಷನ್ ಎಂದರೆ ಮೈಮೇಲೆ ಬರುತ್ತಾಳೆ. ಕಣ್ಣು ಕಾಣದಿದ್ದರೂ ಗುರುವಾರ ಮಾತ್ರ ಅಂಗಳದಲ್ಲಿ ಚಪ್ಪಲಿ ಸದ್ದಾಗುವ ಮುಂಚೆಯೇ ಎದ್ದು ನಿಲ್ಲುತ್ತಿದ್ದಳು. ತಲೆಗೆ ಸೆರಗು ಹೊದ್ದು, ಕೈಮುಗಿದು, “ಸ್ತೋತ್ರ ಸಿಸ್ಟರಮ್ಮ,” ಎನ್ನುತ್ತಿದ್ದಳು, ಹೆತ್ತ ಮಗಳಿಗೆ! ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಾಕಿಸುವಳು. ಮೊದಲ ತಟ್ಟೆ ಅವಳಿಗೆ. ಅವಳ ಊಟ ಮುಗಿಯುವವರೆಗೆ ತಾನು ನೀರೂ ಮುಟ್ಟಳು. ಕುಸುಮ ಮನೆ ಬಿಟ್ಟ ದಿನ ಅಪ್ಪ ಹಾಕಿದ ಕಟ್ಟಳೆ ಅದು: ಸರ್ವೇಶ್ವರನಿಗೆ ಕೊಟ್ಟದ್ದನ್ನು ಮತ್ತೆ ಮುಟ್ಟಬಾರದು. ಮೂವತ್ತನಾಲ್ಕು ವರ್ಷವಾಯಿತು, ಅವ್ವ ತನ್ನ ಮಗಳ ಒಂದು ಬೆರಳನ್ನೂ ಮುಟ್ಟಿರಲಿಲ್ಲ.

ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ನನ್ನ ರೆಪ್ಪೆ ಭಾರವಾಗುತ್ತದೆ. ದೊಡ್ಡಿಯ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ಗಾಳಿ ಅತ್ತಲಿಂದ ತಿರುಗಿದರೆ ಮನೆಯೊಳಗೆಲ್ಲ ಬೇಯುವ ಸಿಹಿಯ ವಾಸನೆ. ಕರೆಂಟು ಹೋಗಿ ಫ್ಯಾನು ನಿಂತಾಗ ಹಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಧೂಳು ಅವಸರವೇ ಇಲ್ಲದೆ ಮೇಲಕ್ಕೂ ಕೆಳಕ್ಕೂ ತೇಲಾಡುವುದು. ಅವ್ವ ಮಂಚದ ಮೇಲೆ ಜಪಸರ ಎಣಿಸುತ್ತ ಗುಣುಗುಡುವುದು ಹತ್ತಿರದಿಂದಲೂ ಕೇಳಿಸುವುದು, ನಾಲೆಯ ಆಚೆ ದಡದಿಂದಲೂ ಕೇಳಿಸುವುದು. ನಾನೂ ಕುಸುಮನ ಪಕ್ಕದಲ್ಲೇ ಕಣ್ಣು ಮುಚ್ಚುತ್ತಿದ್ದೆ. ಎಚ್ಚರ ಎಲ್ಲಿ ಮುಗಿಯಿತು, ನಿದ್ದೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ.

ಹಾಗೆ ಒಂದು ಗುರುವಾರ ಅವಳು ಕಣ್ಣು ಬಿಡದೆಯೇ ಕೇಳಿದಳು: “ಅಕ್ಕ, ನಿಂಗೆ ಕನಸು ಬೀಳ್ತದಾ?”

“ಬೀಳ್ದೆ ಏನು? ನಂದೊಂದು ಪಾಪರ್ ಕನಸು. ಮದ್ವೆ ಆದಾಗ್ನಿಂದ್ಲೂ ಅದೇಯ.”

ಹೇಳಿದೆ. ಉದ್ದನೆಯ ಜಗಲಿ, ಕೆಂಪು ನೆಲ. ಎಲ್ಲೋ ಗಂಟೆ ಹೊಡೆಯುತ್ತದೆ. ನಾನು ಓಡುತ್ತಿರುತ್ತೇನೆ, ತಡವಾಗಿದೆ ಎಂದು ಎದೆ ಹೊಡೆದುಕೊಳ್ಳುತ್ತಿರುತ್ತದೆ. ಒಂದು ಬಾಗಿಲು ತಳ್ಳಿದರೆ ಸಾಲು ಸಾಲು ಮಂಚ. ಕಿಟಕಿಯ ಹತ್ತಿರ ಒಂಬತ್ತನೆಯದರಲ್ಲಿ ಒಂದು ಮಗು ಮಲಗಿರುತ್ತದೆ. ನಾನು ಅದರ ಪಾದ ಹಿಡಿದುಕೊಳ್ಳುತ್ತೇನೆ. ಪಾದ ತಣ್ಣಗಿರುತ್ತದೆ. ಕಿಟಕಿಯಾಚೆ ಒಂದು ಹಿಪ್ಪೆಮರ ಟಪ್ ಟಪ್ ಎಂದು ಹೂ ಉದುರಿಸುತ್ತಿರುತ್ತದೆ.

ಕುಸುಮ ಎದ್ದು ಕುಳಿತಳು. “ಅದು ನಮ್ ವಾರ್ಡು ಕನಕ್ಕ,” ಎಂದಳು. “ಆ ಮಂಚದ ಮಗ ಉಳೀನಿಲ್ಲ. ನಾನೇ ಕಾಲು ಇಡ್ಕಂಡಿದ್ದೆ. ನಿಂಗೆ ಯಾವತ್ತೂ ಏಳಿಲ್ಲ.”

ಆಮೇಲೆ ಅವಳ ಕನಸು ಹೇಳಿದಳು. ಅವಳು ಒಲೆಯ ಮುಂದೆ ನಿಂತು ಮುದ್ದೆ ತೊಳಸುತ್ತಿರುತ್ತಾಳಂತೆ. ಎರಡು ಒಲೆಗಲ್ಲು ಸರಿ, ಮೂರನೆಯದು ಒಡೆದ ಒರಳಿನ ಚೂರು. ಒಂದು ಹೆಣ್ಣುಕೂಸು ಸೆರಗು ಜಗ್ಗುತ್ತಿರುತ್ತದೆ. ಬಾಗಿಲಲ್ಲಿ ಒಬ್ಬ ಗಂಡಸು ಬೆನ್ನು ಹಾಕಿ ಕೂತು ಉಣ್ಣುತ್ತಾನೆ. “ಉಪ್ಪಿಲ್ಲ,” ಎನ್ನುತ್ತಾನೆ. ತಿರುಗಿ ಮಾತ್ರ ನೋಡುವುದಿಲ್ಲ.

“ಒಂದ್ಸಲನಾದ್ರೂ ಮೊಕ ತೋರ್ಸಾನೇನೋ ಅಂತ ಇಲ್ಲಿ ಬಂದು ಮನಿಕ್ಕತೀನಿ. ಕಾನ್ವೆಂಟ್ನಾಗೆ ಆ ಕನಸು ಪೂರ್ತಿ ಬೀಳಕಿಲ್ಲ, ಗಂಟೆ ಒಡ್ದುಬುಡ್ತದೆ,” ಎಂದಳು.

ಒಡೆದ ಒರಳಿನ ಒಲೆ ನಾನು ಮದುವೆಯಾದ ಹೊಸದರಲ್ಲಿ ಸಂಸಾರ ಹೂಡಿದ ಮನೆಯದು. ಕುಸುಮ ನೋಡುವ ಮೊದಲೇ ಆ ಮನೆ ಬಿದ್ದುಹೋಗಿತ್ತು. ಇನ್ನು ಉಪ್ಪಿಲ್ಲ ಎನ್ನುವುದು ನನ್ನ ಗಂಡ ಚೌರಪ್ಪ. ಮೂವತ್ತು ವರ್ಷದಿಂದ ದಿನಾ ಎರಡು ಹೊತ್ತು ಅದನ್ನೇ ಹೇಳಿಕೊಂಡು ಬಂದಿದ್ದಾನೆ, ಉಪ್ಪಿನ ಡಬ್ಬಿಯನ್ನೇ ಮುಂದಿಟ್ಟರೂ ಸರಿ.

“ಮೊಕ ನೋಡ್ನಿಲ್ವಲ್ಲ, ಒಳ್ಳೇದಾಯ್ತು ಬುಡು. ನೋಡಿದ್ರೆ ಕಾನ್ವೆಂಟೇ ವಾಸಿ ಅಂತಿದ್ದೆ,” ಎಂದೆ. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು, ಅವಳಿಗೆ ಸೆರಗಿಲ್ಲ, ತಲೆಯ ಬಿಳೀ ಬಟ್ಟೆ ಒತ್ತಿಕೊಂಡು ನಕ್ಕೆವು. ಆದರೆ ಆ ಸಂಜೆ ಹಸುವಿನ ಹಾಲು ಕರೆಯುವಾಗಲೂ ಅದೇ ಯೋಚನೆ. ನನ್ನ ಬದುಕು ಅವಳ ಕನಸಿಗೂ ಅವಳ ಬದುಕು ನನ್ನ ಕನಸಿಗೂ ಯಾಕೆ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು.

ನಲವತ್ತಾರು ವರ್ಷದ ಹಿಂದಿನ ಮಾತು. ನನಗೆ ಆರು ವರ್ಷ, ಕುಸುಮನಿಗೆ ಐದು. ನನಗೆ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಕಣ್ಣು ಬಿಡಲಿಲ್ಲ. ಅವ್ವ ನಮ್ಮೂರ ಚರ್ಚಿನಲ್ಲಿ ಸಂತ ಅಂತೋಣಿಯ ಮುಂದೆ ಬಿದ್ದು, ಮಗು ಉಳಿದರೆ ಕನ್ಯಾಸ್ತ್ರೀಯರ ಮಠಕ್ಕೇ ಕೊಟ್ಟುಬಿಡುತ್ತೇನೆ ಎಂದು ಹರಕೆ ಹೊತ್ತಳು. ನಾನು ಉಳಿದೆ. ನಮ್ಮ ಕಡೆ ಹರಕೆಯ ಮಗುವಿಗೆ ಅಂತೋಣಪ್ಪನದೇ ತರಹ ಕಂದು ಬಣ್ಣದ ಉದ್ದನೆಯ ಅಂಗಿ ಹೊಲಿಸಿ, ಸೊಂಟಕ್ಕೆ ಬಿಳೀ ಹಗ್ಗ ಕಟ್ಟಿ, ಜೂನ್ ತಿಂಗಳ ಹಬ್ಬದ ದಿನ ಪೀಠದ ಮೆಟ್ಟಿಲ ಮೇಲೆ ಕೂರಿಸುತ್ತಾರೆ. ಪಾದ್ರಿ ಸ್ವಾಮಿಗಳು ತಲೆಯ ಮೇಲೆ ಕೈಯಿಟ್ಟು ಮಂತ್ರಿಸಿದರೆ ಆ ಮಗು ಅಂತೋಣಪ್ಪನದು. ಸುಮಾರು ಜನ ವರ್ಷ ಕಳೆದ ಮೇಲೆ ಅಂಗಿ ಬಿಚ್ಚಿ, ಮಗುವಿನ ತೂಕದ ಅಕ್ಕಿ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ನಮ್ಮಪ್ಪ ಅಂಥವನಲ್ಲ. ಅವನು ಉಪದೇಶಿ ಇನ್ನಾಸಪ್ಪ. ಸ್ವಾಮಿಗಳು ಬಾರದ ಭಾನುವಾರ ಊರಿಗೆ ಜಪ ಹೇಳಿಸುವವನು, ನಮಗೆಲ್ಲ ದೇವರ ಕಟ್ಟಳೆ ಬಾಯಿಪಾಠ ಮಾಡಿಸಿದವನು. ಆಡಿದ ಮಾತು ತಪ್ಪುವವನಲ್ಲ.

ಹಬ್ಬದ ದಿನ ನಮ್ಮಿಬ್ಬರಿಗೂ ತಲೆ ಬೋಳಿಸಿದ್ದರು. ಅಂಗಿಯ ಬಟ್ಟೆ ಗೋಣಿಯಷ್ಟು ಒರಟು. ಜ್ವರ ಬಿಟ್ಟ ಮೈಗೆ ಅದು ಚುಚ್ಚಿ ಚುಚ್ಚಿ ಪ್ರಾಣ ತೆಗೆಯಿತು. ಚರ್ಚಿನ ಹಿಂದೆ ಹುಣಸೆಮರದ ಕೆಳಗೆ ಕುಸುಮನನ್ನು ಕರೆದೆ. “ನೀ ಇದ ಆಕ್ಕೊ, ಎಲ್ಡು ಪೆಪ್ಪರಮೆಂಟು ಕೊಡ್ತೀನಿ,” ಎಂದೆ. ಹೊಸ ಅಂಗಿ ತನಗಿಲ್ಲ ಎಂದು ವಾರದಿಂದ ಗೋಳಾಡುತ್ತಿದ್ದವಳು ಬಾಯಿ ತುಂಬ ನಗುತ್ತ ಹಾಕಿಕೊಂಡಳು. ನಾನು ಅವಳ ಲಂಗ ತೊಟ್ಟು ಬಲೂನಿನವನ ಹತ್ತಿರ ಓಡಿದೆ. ಗಂಟೆ ಕೇಳಿ ವಾಪಸು ಬಂದರೆ ಕುಸುಮ ಪೀಠದ ಮೆಟ್ಟಿಲ ಮೇಲೆ ಕೂತಿದ್ದಳು, ಬಾಯಲ್ಲಿ ಪೆಪ್ಪರಮೆಂಟು. ಸ್ವಾಮಿಗಳ ಕೈ ಅವಳ ಬೋಳು ತಲೆಯ ಮೇಲಿತ್ತು. ಅಪ್ಪ ಪಕ್ಕದಲ್ಲಿ ಮಂತ್ರಿಸಿದ ನೀರಿನ ಪಾತ್ರೆ ಹಿಡಿದು ತಲೆ ಬಗ್ಗಿಸಿ ನಿಂತಿದ್ದ.

ಮನೆಗೆ ಬಂದ ಮೇಲೆ ಗೊತ್ತಾಯಿತು, ಗಲಾಟೆಯಾಯಿತು. ನನಗೆ ಹುಣಸೆ ಬರಲಿನಲ್ಲಿ ಬಿತ್ತು. ಆದರೆ ಅಪ್ಪ ಒಂದೇ ಮಾತು ಹೇಳಿದ: “ಪೀಠದ ತಾವ ಇಟ್ಟಿದ್ದ ಎತ್ಕೊಳಂಗಿಲ್ಲ. ಸರ್ವೇಸ್ವರ ಯಾವ್ದ ಬೇಕೋ ಅದ ಆಯ್ಕೊಂಡವ್ನೆ.” ಹುಡುಗಿ ಬೆಳೆಯುತ್ತ ಯಾಕೆ, ಏನು ಎಂದು ಕೇಳದಿರಲಿ ಎಂದು ಅವಳಿಗೆ ಬೇರೆ ಕತೆ ಹೇಳಿದರು. ಜ್ವರ ಬಂದದ್ದು ನಿನಗೆ, ಹರಕೆಯಿಂದ ಉಳಿದವಳು ನೀನು ಎಂದು. ಅವಳು ಅದನ್ನೇ ನಂಬಿಕೊಂಡು ಬೆಳೆದಳು. ಅಪ್ಪ ಅಬ್ರಹಾಮನ ಕತೆ ಹೇಳುವಾಗ, ಮಗನ ಬದಲಿಗೆ ಪೊದೆಯಲ್ಲಿ ಸಿಕ್ಕಿಕೊಂಡ ಟಗರು ಬಲಿಯಾಯಿತು ಎನ್ನುವಾಗ, ನಾನು ತಲೆ ಎತ್ತುತ್ತಿರಲಿಲ್ಲ. ಎಲ್ಲರೂ ಆ ಅಪ್ಪ ಮಗನನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಟಗರಿನ ಪಕ್ಕ ಮಲಗಿ ಬೆಳೆದವಳು ನಾನು.

ಮೇ ತಿಂಗಳ ಕೊನೆಯ ಗುರುವಾರ ಕುಸುಮ ಊಟ ಮಾಡಿದಳು, ಮಲಗಲಿಲ್ಲ. ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದಳು.

“ವರ್ಗ ಆಯ್ತು ಅಕ್ಕ. ಅರುಣಾಚಲಕ್ಕೆ. ರೈಲ್ನಾಗೆ ನಾಲ್ಕು ದಿನ, ಆಮೇಲೆ ಜೀಪು. ಬರೋ ಗುರ್ವಾರ ಕಳುದ್ ಮೇಲೆ ಓಯ್ತೀನಿ.”

“ಬರೋದು?”

“ಐದು ವರ್ಸಕ್ಕೊಂದ್ಸಲ ರಜ.”

ನಾನು ಮಂಚದ ಕಡೆ ನೋಡಿದೆ. ಅವ್ವನಿಗೆ ಐದು ವರ್ಷ ಎಲ್ಲಿಂದ ತರುವುದು? ನನಗೆ ರೇಗಿತು. “ನಿಮ್ ದೊಡ್ ಮದರ್‌ಗೆ ಕರುಳಿಲ್ವಾ? ಆಗಾಕಿಲ್ಲ ಅನ್ನು. ಕೂದ್ಲು ನರೆತದೆ, ಮಂಡಿ ನೋವು ಅನ್ನು.”

“ಅಂಗನ್ನಕಾಗಾಕಿಲ್ಲ. ವಿಧೇಯತೆ ಅಂತ ವ್ರತ ತಗಂಡಿವ್ನಿ.” ಆಮೇಲೆ ಮೆಲ್ಲಗೆ ಸೇರಿಸಿದಳು: “ಮದರೇ ಒಂದ್ಮಾತು ಅಂದ್ರು. ವಯಸ್ಸಾದ ತಾಯಿ ಮಗಳು ಹತ್ರ ಬೇಕು ಅಂತ ಬರ್ಕೊಟ್ರೆ ನೋಡಣ, ನಿನ್ ಬದ್ಲು ಕವಿತನ ಕಳುಸ್ತೀವಿ ಅಂತ. ನಾನು ಕೇಳಕಿಲ್ಲ ಬುಡು. ಅವ್ವನೂ ಬರ್ಯಾಕಿಲ್ಲ.”

ಕವಿತ ಎಂದರೆ ಮಂಡ್ಯದ ಗುತ್ತಲಿನ ಹುಡುಗಿ, ಅದೇ ಕಾನ್ವೆಂಟಿನ ಕಿರಿಯ ಸಿಸ್ಟರ್. ಅವಳು ಎಲ್ಲಿಗಾದರೂ ಹೋಗಲಿ, ನನಗೇನು? ನನ್ನ ಕಿವಿಗೆ ಬಿದ್ದದ್ದು ಒಂದೇ, ಅವ್ವ ಬರೆದುಕೊಟ್ಟರೆ ಕುಸುಮ ಉಳಿಯುತ್ತಾಳೆ. ನಲವತ್ತಾರು ವರ್ಷದ ಮೇಲೆ ಆ ಅಂಗಿಯನ್ನು ಅವಳ ಮೈಯಿಂದ ಬಿಚ್ಚುವುದಕ್ಕೆ ಒಂದು ದಾರಿ ಸಿಕ್ಕಿತ್ತು.

ಸೋಮವಾರ ಮಧ್ಯಾಹ್ನ ಮಗಳ ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ನಾನೇ ಬರೆದೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದು ಅವತ್ತು ಸಾರ್ಥಕವಾಯಿತು. “ನನಗೆ ಕಣ್ಣು ಕಾಣುವುದಿಲ್ಲ. ಸಾಯುವ ತನಕ ನನ್ನ ಮಗಳು ಕುಸುಮ ನನ್ನ ಹತ್ತಿರದ ಊರಿನಲ್ಲಿ ಇರಬೇಕೆಂದು ಬೇಡಿಕೊಳ್ಳುತ್ತೇನೆ.” ಹಾಲಿನ ಡೈರಿಯ ಸೆಕ್ರೆಟರಿ ಸಿದ್ದರಾಜುವಿನಿಂದ ಇಂಕಿನ ಪ್ಯಾಡು ಇಸಿದುಕೊಂಡು ಬಂದೆ. ಅವ್ವನಿಗೆ ಓದಿ ಹೇಳಿ, “ಎಬ್ಬೆಟ್ಟು ಒತ್ತವ್ವ,” ಎಂದೆ.

ಅವ್ವ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಕೊಟ್ಟಿದ್ದ ಕೇಳಬಾರದು. ನಿಮ್ಮಪ್ಪ ಏಳವ್ನೆ.”

“ಅಪ್ಪ ಸತ್ತು ಹನ್ನೊಂದು ವರ್ಸ ಆಯ್ತು! ಕೊಟ್ಟೋನು ಕೋಡಂಗಿ, ಇಸ್ಕಂಡೋನು ಈರಭದ್ರ. ನಿಮ್ ಸರ್ವೇಸ್ವರ ಇಸ್ಕಂಡು ಇಸ್ಕಂಡು ದಣೀನಿಲ್ವಾ?”

“ನಿನ್ ಬಾಯಿಗೆ ಬೆಂಕಿ ಬೀಳ!” ಎಂದಳು ಅವ್ವ, ಶಿಲುಬೆ ಗುರುತು ಹಾಕಿಕೊಂಡಳು.

ನನಗೆ ಅಳು ಬಂತು. ಜೋರಾಗಿ ಅತ್ತೆ, ಹಸು ಕೂಡ ತಿರುಗಿ ನೋಡಿತು. “ಕೊಟ್ಟಿದ್ದಾದ್ರೂ ಸರಿಯಾಗಿ ಕೊಟ್ಯಾ ನೀನು? ಸಾಯಂಗಿದ್ದೋಳು ನಾನು, ಅಂಗಿ ನಂದು. ಚುಚ್ತದೆ ಅಂತ ಅವ್ಳಿಗೆ ಆಕ್ದೆ. ಗಂಡ ಮಕ್ಳು ಮನೆ ಎಲ್ಲ ಉಂಡೋಳು ನಾನು. ಅವ್ಳು ಅಲ್ಲಿ ಕಂಡೋರ ಮಕ್ಳ ಕಾಲು ಇಡ್ಕಂಡು ಕುಂತಿದ್ಲು. ನನ್ ತಪ್ಗೆ ಅವ್ಳ್ಯಾಕೆ?”

ಬಿಸಿಲು ಹೊಸಿಲಿನಿಂದ ಮಂಚದ ಕಾಲಿನವರೆಗೆ ಬಂದಿತ್ತು.

“ನಿಂದಲ್ಲ ಕನವ್ವ ತಪ್ಪು,” ಎಂದಳು ಅವ್ವ ಕೊನೆಗೆ. “ನೀ ಸಣ್ ಮಗ. ನಿಂಗೇನು ಗೊತ್ತಾದದು? ಸ್ವಾಮಿಗೋಳು ಕೈ ಮಡಗಕ್ ಮುಂಚೇನೇ ನಾನು ನೋಡ್ದೆ. ಮೆಟ್ಲ ಮೇಲೆ ಕುಂತಿದ್ದದ್ದು ನೀನಲ್ಲ ಅಂತ ನೋಡ್ದೆ. ಸ್ವಾಮಿ, ತಡೀರಿ, ಅಂತ ಒಂದ್ಮಾತು ಸಾಕಿತ್ತು.”

“ಮತ್ತೆ?”

“ನೀನು ಕಡ್ಡಿ ಆಗಿದ್ದೆ. ನಿನ್ನ ಕೊಟ್ಬುಟ್ರೆ ಅಲ್ಲಿ ಯಾರೂ ನೋಡ್ದೆ ಸತ್ತೋಯ್ತೀಯ ಅನ್ನುಸ್ತು. ಅವ್ಳು ಗುಂಡುಗುಂಡ್ಗಿದ್ಲು. ಎಲ್ಲಿದ್ರೂ ಬದುಕ್ಕತಾಳೆ ಅನ್ನುಸ್ತು. ಬಾಯ್ ಮುಚ್ಕಂಡೆ.” ಅವ್ವ ತನ್ನ ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದು, ಕಾಣದ ಕಣ್ಣಿನಿಂದ ಅವುಗಳನ್ನೇ ನೋಡುತ್ತಿದ್ದಳು. “ನಿಮ್ಮಪ್ಪ ಮುಟ್ಬ್ಯಾಡ ಅಂದಿದ್ಕೆ ಮುಟ್ಟದೆ ಇದ್ದೆ ಅಂದ್ಕಂಡಿದ್ದೀಯಾ? ಯಾವ ಮೊಕ ಇಟ್ಕಂಡು ಮುಟ್ಲಿ?”

ಅಷ್ಟು ವರ್ಷ ನನ್ನದು ಎಂದು ಹೊತ್ತುಕೊಂಡಿದ್ದ ಪಾಪವನ್ನು ಅವ್ವ ಅದೇ ಮನೆಯಲ್ಲಿ, ಪಕ್ಕದ ಮಂಚದಲ್ಲಿ, ತನ್ನದು ಎಂದು ಹೊತ್ತುಕೊಂಡಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ. ನಾನು ಅವ್ವನ ಬಲಗೈ ಹಿಡಿದು ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದೆ. ಅವಳು ತಡೆಯಲಿಲ್ಲ. ಕಾಗದದ ಮೇಲೆ ನೀಲಿ ಹೆಬ್ಬೆಟ್ಟು ಚೆನ್ನಾಗಿ ಮೂಡಿತು, ಒಂದೊಂದು ಗೆರೆಯೂ ಕಾಣುವ ಹಾಗೆ.

“ಕಾಗ್ದ ನಾನೇ ಕೊಡ್ತೀನಿ. ನೀನು ನಡುವೆ ಬಾಯಾಕ್ಬ್ಯಾಡ,” ಎಂದಳು ಅವ್ವ.

ಗುರುವಾರ ಬಂತು. ಮುಂಗಾರಿನ ಮೋಡ ಮುಚ್ಚಿಕೊಂಡು ಹಗಲೇ ಮಬ್ಬಾಗಿತ್ತು. ನಾಲೆ ಏರಿಯ ಮೇಲೆ ಬಿಳೀ ಬಟ್ಟೆ ಬರುವುದು ಕಾಣುತ್ತಿತ್ತು, ಬರುತ್ತಲೇ ಇತ್ತು, ಹತ್ತಿರವಾಗುತ್ತಲೇ ಇರಲಿಲ್ಲ. ನಾನು ನಿಂತಲ್ಲೇ ತೂಕಡಿಸಿದೆನೋ ಏನೋ. ಕಣ್ಣು ಬಿಟ್ಟರೆ ಅಂಗಳದಲ್ಲಿ ನಿಂತು, “ಏನಕ್ಕ, ನಿಂತ್ಕಂಡೇ ಕನಸಾ?” ಎಂದು ನಗುತ್ತಿದ್ದಳು.

ಅವತ್ತು ಅವ್ವ ಎದ್ದು ನಿಲ್ಲಲಿಲ್ಲ. ಕುಸುಮ ಕುರ್ಚಿಯಲ್ಲಿ ಕೂತ ಮೇಲೆ ಕಾಗದವನ್ನು ಮುಂದಕ್ಕೆ ಚಾಚಿದಳು. ಕುಸುಮ ತೆಗೆದುಕೊಂಡಳು, ಓದಿದಳು.

“ಸಿಸ್ಟರಮ್ಮ,” ಎಂದಳು ಅವ್ವ, “ಜ್ವರ ಬಂದಿದ್ದು ನಿಮ್ಗಲ್ಲ. ಮರಿತಾಯಿಗೆ. ಅಂಗಿ ಅವ್ಳದು. ನಿಮ್ಮನ್ನ ನಾನು ಕೊಡ್ಲೂ ಇಲ್ಲ. ಬಾಯ್ ಮುಚ್ಕಂಡು ನಿಂತಿದ್ದೆ, ಅಷ್ಟೆಯ.”

ಮರಿತಾಯಿ ಎಂದರೆ ನಾನು, ಮರಿತಾಯಮ್ಮ. ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಕುಸುಮನ ಮುಖದಲ್ಲಿ ಏನೂ ಕಾಣಲಿಲ್ಲ. ಬರದ ಜ್ವರಕ್ಕೆ ಇಡೀ ಬದುಕನ್ನು ಕೊಟ್ಟವಳು ಆ ಮಾತನ್ನು ಹೇಗೆ ಕೇಳಬೇಕೋ ನನಗೆ ಗೊತ್ತಿಲ್ಲ. ಅವಳು ಕಾಗದವನ್ನು ಮಡಿಸಿ, ನನ್ನ ಕಡೆ ತಿರುಗಿದಳು.

“ಎಲ್ಡು ಪೆಪ್ಪರಮೆಂಟು ಅಂದಿದ್ದೆ ಅಲ್ವಾ ಅಕ್ಕ? ಉಣಸೆಮರದ್ ತಾವ. ಅದೊಂದು ಗೆಪ್ತಿ ಅದೆ ನಂಗೆ. ಯಾವುದಕ್ಕೆ ಅಂತ ಗೆಪ್ತಿ ಇರ್ನಿಲ್ಲ.”

“ಊಂ ಕನಮ್ಮಿ.”

“ಕೊಟ್ಯಾ?”

“ಒಂದೇ ಕೊಟ್ಟೆ,” ಎಂದೆ. “ಇನ್ನೊಂದ ನಾನೇ ತಿಂದ್ಬುಟ್ಟೆ.”

ಅವಳು ನಕ್ಕಳು. ನಗುನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು, ಒರೆಸಿಕೊಳ್ಳಲಿಲ್ಲ. ಕುರ್ಚಿಯಿಂದ ಕೆಳಗಿಳಿದು, ನೆಲದ ಮೇಲೆ ಮಂಚಕ್ಕೆ ಒರಗಿ ಕೂತಳು. ತಲೆಯನ್ನು ಮಂಚದ ಅಂಚಿಗೆ, ಅವ್ವನ ಮೊಣಕಾಲಿನ ಪಕ್ಕಕ್ಕೆ ಇಟ್ಟಳು. ಕಾದಳು. ಅವ್ವನ ಕೈ ಜಪಸರದ ಸಮೇತ ಮೇಲಕ್ಕೆದ್ದಿತು, ಆ ಬಿಳೀ ಬಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಇಳಿಸು ಅವ್ವ, ಇಳಿಸು ಎಂದು ನಾನು ಒಳಗೊಳಗೇ ಕಿರುಚುತ್ತಿದ್ದೆ. ಅವ್ವ ಕೈಯನ್ನು ವಾಪಸು ಎಳೆದುಕೊಂಡು ಎದೆಗೆ ಒತ್ತಿಕೊಂಡಳು.

“ವಸಿ ಮನಿಕ್ಕತೀನಿ,” ಎಂದು ಕುಸುಮ ಎದ್ದು ಚಾಪೆಗೆ ಬಂದಳು. ನಾನೂ ಪಕ್ಕದಲ್ಲಿ ಉರುಳಿದೆ. ಹಂಚಿನ ಮೇಲೆ ನಾಲ್ಕು ಹನಿ ಬಿದ್ದು ನಿಂತಿತು. ಕನಸಿನಲ್ಲಿ ನಾನು ಪೀಠದ ಮೆಟ್ಟಿಲ ಮೇಲೆ ಕೂತಿದ್ದೆ, ಈ ವಯಸ್ಸಿನಲ್ಲಿ, ಈ ದಪ್ಪ ಮೈಯಲ್ಲಿ. ಕಂದು ಅಂಗಿ ನನಗೆ ಸರಿಯಾಗಿತ್ತು, ಚುಚ್ಚುತ್ತಲೂ ಇರಲಿಲ್ಲ. ಬಾಗಿಲಲ್ಲಿ ಲಂಗ ತೊಟ್ಟ ಒಂದು ಪುಟ್ಟ ಹುಡುಗಿ ಬಲೂನು ಹಿಡಿದು ನಿಂತು, ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದಳು. ಎಚ್ಚರವಾದಾಗ ಕುಸುಮ ಆಗಲೇ ಎದ್ದು, ಕಿಟಕಿಯ ಹತ್ತಿರ ನನಗೆ ಬೆನ್ನು ಹಾಕಿ, ನನ್ನ ಹೊಲಿಗೆ ಡಬ್ಬಿಯ ಕತ್ತರಿ ಹಿಡಿದು ನಿಂತಿದ್ದಳು. ತೋಳಿನ ದಾರ ಬಿಚ್ಚಿಕೊಂಡಿತ್ತು ಎಂದಳು.

“ಮೊಕ ತೋರ್ಸಿದ್ನಾ?” ಎಂದು ಕೇಳಿದೆ.

“ಇಲ್ಲ. ಆದ್ರೆ ಇವತ್ತು ಉಪ್ಪು ಸರ್ಯಾಗ್ ಅದೆ ಅಂದ,” ಎಂದಳು.

ಗೇಟಿನವರೆಗೆ ನಾನೇ ಬಿಡಲು ಹೋದೆ. ದಾರಿಯುದ್ದಕ್ಕೂ ಹುರುಪಿನಲ್ಲಿ ಮಾತಾಡಿದೆ: ಕಾಗದವನ್ನು ಇವತ್ತೇ ಮದರ್‌ಗೆ ಕೊಟ್ಟುಬಿಡು, ಅವರು ಏನಾದರೂ ಅಂದರೆ ನಾನೇ ಬಂದು ಮಾತಾಡುತ್ತೇನೆ, ಬರುವ ಗುರುವಾರ ಕೋಳಿ ಕೊಯ್ಯೋಣ. ಬಸ್ಸು ದೂರದಲ್ಲಿ ಕಂಡಾಗ ಅವಳು ನನ್ನ ಕೈ ಹಿಡಿದುಕೊಂಡಳು.

“ಅಕ್ಕ, ನಾನು ಕಾಗ್ದ ಕೊಡಕಿಲ್ಲ.”

“ಯಾಕೆ?”

“ಕವಿತಂಗೆ ಇಪ್ಪತ್ತಾರು ವರ್ಸ. ಅವ್ರವ್ವ ಗುತ್ತಲಿಂದ ವಾರ ವಾರ ಉಪ್ಪಿನಕಾಯಿ ತಗಂಡು ಬತ್ತಾಳೆ. ನಾನು ನಿಂತ್ರೆ ಅವ್ಳು ಓಗ್ಬೇಕು.” ತನ್ನ ಬಿಳೀ ಬಟ್ಟೆಯನ್ನು ಬೆರಳಲ್ಲಿ ಹಿಡಿದು ತೋರಿಸಿದಳು. “ಇದ ಬಿಚ್ಚಿ ಇನ್ನೊಂದು ಮಗೀಗೆ ಆಕು ಅಂತೀಯಾ?”

“ನಿಂಗೆ ಓಗಕೆ ಇಷ್ಟಾನಾ?”

“ಇಲ್ಲ ಕನಕ್ಕ,” ಎಂದಳು. “ಒಂಚೂರೂ ಇಷ್ಟ ಇಲ್ಲ. ಸರ್ವೇಸ್ವರ ಬದುಕ್ಸಿದ್ನಲ್ಲ ಅಂತ ಇಷ್ಟ್ ದಿನ ಅವ್ನು ಕರ್ದಲ್ಲಿಗೆಲ್ಲ ಓಯ್ತಿದ್ದೆ. ಈಗ ಆ ರುಣನೂ ಇಲ್ಲ. ಆದ್ರೂ ಓಯ್ತೀನಿ.”

ನಾನು ಬಾಯಿಗೆ ಬಂದ ಹಾಗೆ ಬೈದೆ. ಹುಚ್ಚು ಮುಂಡೇದು ಎಂದೆ, ಅಪ್ಪನ ತಲೆಯೇ ನಿನಗೂ ಎಂದೆ, ಅವ್ವ ಸತ್ತರೆ ನಿನಗೆ ಹೇಳಿಯೂ ಕಳಿಸುವುದಿಲ್ಲ ಎಂದೆ. ಕಂಡಕ್ಟರು ಬೆಪ್ಪಾಗಿ ನೋಡುತ್ತಿದ್ದ, ಸಿಸ್ಟರನ್ನು ಹೀಗೆ ಬೈಯುವವಳನ್ನು ಅವನು ಕಂಡಿರಲಿಲ್ಲ. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ನನ್ನನ್ನೇ ನೋಡುತ್ತ, ಬೈಗುಳವನ್ನೆಲ್ಲ ಪೂರ್ತಿ ಕೇಳಿಸಿಕೊಂಡಳು. ಬಸ್ಸು ಹೋಯಿತು. ಹೋದ ಮೇಲೆ ನೋಡುತ್ತೇನೆ, ನಾನು ಒರಗಿ ನಿಂತಿದ್ದ ಪೆಟ್ಟಿಗೆ ಅಂಗಡಿಯ ಮುಂದಿನ ಸಾಲಿನಲ್ಲೇ ಪೆಪ್ಪರಮೆಂಟಿನ ಬಾಟಲಿ ಇತ್ತು. ಬಾಕಿ ಇದ್ದ ಒಂದನ್ನು ಕೊಡಿಸುವುದು ನನಗೆ ಹೊಳೆದಿರಲೇ ಇಲ್ಲ.

ಮನೆಗೆ ಬಂದು ಸಿಟ್ಟಿನಲ್ಲಿ ಚಾಪೆಯನ್ನು ಕೊಡವಿದೆ. ದಿಂಬಿನ ಕೆಳಗಿನಿಂದ ಮಡಿಸಿದ ಕಾಗದ ಬಿತ್ತು. ನನ್ನದೇ ಅಕ್ಷರ, ಎಲ್ಲ ಹಾಗೇ ಇತ್ತು. ಕೊನೆಯಲ್ಲಿ ಹೆಬ್ಬೆಟ್ಟು ಇದ್ದ ಜಾಗದಲ್ಲಿ ಮಾತ್ರ ಕತ್ತರಿಯಿಂದ ಸುತ್ತಲೂ ನೀಟಾಗಿ ಕತ್ತರಿಸಿ ತೆಗೆದ ಒಂದು ತೂತು.

“ಕಾಗ್ದ ಬುಟ್ಟೋಗವ್ಳಾ?” ಎಂದು ಅವ್ವ ಮಂಚದಿಂದ ಕೇಳಿದಳು.

ತಂದು ಅವಳ ಕೈಗೆ ಕೊಟ್ಟೆ. ಅವ್ವ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಸವರುತ್ತ ಬಂದಳು. ಬೆರಳು ತೂತಿಗೆ ಬಂದು ನಿಂತಿತು. ಅಂಚನ್ನು ಒಂದು ಸುತ್ತು ತಡವಿದಳು, ಇನ್ನೊಂದು ಸುತ್ತು ತಡವಿದಳು, ಆಮೇಲೆ ಇನ್ನೂ ನೀಲಿ ಹೋಗದ ಹೆಬ್ಬೆರಳನ್ನು ಅದರೊಳಗೆ ಇಟ್ಟು ನೋಡಿದಳು.

“ನನ್ ಕೈಯ್ಯ ತಗಂಡೋಗವ್ಳೆ ಕನವ್ವ,” ಎಂದಳು. “ನನ್ ಕೂಸು ನನ್ ಕೈಯ್ಯ ಇಡ್ಕಂಡೋಗವ್ಳೆ.”